ಮಾಣಿಕನಗರದ ಮನೆತನದ ಹಾಡು, ಹಳೇ ಕ್ಯಾಸೆಟ್ಟಿನ ಧಾಟಿ

ಹುಮನಾಬಾದಿಗೆ ಅಂಟಿಕೊಂಡಂತಿರುವ ಮಾಣಿಕನಗರದಲ್ಲಿ ವಾರದ ಏಳು ದಿನಕ್ಕೂ ಬೇರೆ ಬೇರೆ ಭಜನೆ. ಗುರುವಾರ ದತ್ತನ ದಿನ. ಸಪ್ತವಾರ ಭಜನೆ ಎಂದು ಕರೆಯುವ ಈ ಪರಂಪರೆ ಬೆಳೆದದ್ದು ಒಂದೇ ಮನೆತನದ ಆಶ್ರಯದಲ್ಲಿ.

ಮೂಲಪುರುಷ ಮಾಣಿಕಪ್ರಭುಗಳು ಹುಟ್ಟಿದ್ದು 1817ರಲ್ಲಿ, ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ. ಬಾಲ್ಯ ಕಳೆದದ್ದು ಕಲ್ಯಾಣದಲ್ಲಿ. ಆಗ ಇದೆಲ್ಲ ನಿಜಾಮನ ಸೀಮೆ. ಮನೆ, ಸಂತೆಗಳಲ್ಲಿ ಕನ್ನಡ, ಕೀರ್ತನೆಗೆ ಮರಾಠಿ, ಕಚೇರಿಗೆ ಹೋದರೆ ಪಾರ್ಸಿ, ಉರ್ದು. ಪ್ರಭುಗಳೂ ಒಂದೇ ಭಾಷೆಗೆ ಕಟ್ಟುಬೀಳಲಿಲ್ಲ. ಮರಾಠಿ, ಕನ್ನಡ, ಹಿಂದುಸ್ತಾನಿಯಲ್ಲಿ ಪದ ಕಟ್ಟಿದರು. ಅವರ ದರ್ಬಾರಿಗೆ ಹಿಂದೂಗಳೂ ಬರುತ್ತಿದ್ದರು, ಮುಸಲ್ಮಾನರೂ ಬರುತ್ತಿದ್ದರು. ಅವರ ಪರಂಪರೆಗಿರುವ ಸಕಲಮತ ಸಂಪ್ರದಾಯ ಎಂಬ ಹೆಸರಿಗೆ ಈ ಹಾಡುಗಳೇ ಸಾಕ್ಷಿ.

1865ರಲ್ಲಿ ಅವರು ಸಮಾಧಿಸ್ಥರಾದ ಮೇಲೂ ಹಾಡು ನಿಲ್ಲಲಿಲ್ಲ. ತಮ್ಮನ ಮಕ್ಕಳಾದ ಮನೋಹರಪ್ರಭು, ಮಾರ್ತಾಂಡಪ್ರಭು ಒಬ್ಬರಾದ ಮೇಲೊಬ್ಬರು ಗಾದಿಗೆ ಬಂದರು. 1936ರವರೆಗೆ ಪೀಠದಲ್ಲಿದ್ದ ಮಾರ್ತಾಂಡಪ್ರಭುಗಳ ಪದಗಳಲ್ಲಿ ವೇದಾಂತದ ತೂಕ ಹೆಚ್ಚು. ಹಿರಿಯರ ಪದ ಹಾಡುತ್ತಲೇ ಕಿರಿಯರು ತಮ್ಮದನ್ನು ಸೇರಿಸುತ್ತ ಹೋದರು. ಕೊನೆಯ ನುಡಿಯ ಅಂಕಿತ ನೋಡಿದರೆ ಅದು ಯಾವ ತಲೆಮಾರಿನದೆಂದು ತಿಳಿಯುತ್ತದೆ. ಇವೆಲ್ಲ ಪದ್ಯಮಾಲೆಯಾಗಿ ಅಚ್ಚಾದವು. ಸಾಹಿತ್ಯ ಉಳಿಯಿತು.

ಧಾಟಿ? ನನ್ನ ಆತಂಕವಿರುವುದು ಅಲ್ಲೇ. ಪುಸ್ತಕ ರಾಗ, ತಾಳದ ಹೆಸರು ಹೇಳೀತು. ಪಲ್ಲವಿಗೆ ಮರಳುವಾಗ ಎಲ್ಲಿ ಎಳೆಯಬೇಕು, ಹಿಮ್ಮೇಳ ಯಾವ ಅಕ್ಷರದ ಮೇಲೆ ಎತ್ತಿಕೊಳ್ಳಬೇಕು ಎಂಬುದನ್ನು ಹೇಳದು. ಪಕ್ಕದ ಬಸವಕಲ್ಯಾಣವನ್ನೇ ನೋಡಿ. 12ನೇ ಶತಮಾನದಲ್ಲಿ ಅಲ್ಲಿ ಹುಟ್ಟಿದ ವಚನಗಳು ತಾಳೆಗರಿಯಲ್ಲಿ ಉಳಿದು, ಫ.ಗು. ಹಳಕಟ್ಟಿಯವರಂಥವರ ಶ್ರಮದಿಂದ ಅಚ್ಚು ಕಂಡವು. ಶರಣರು ಅವನ್ನು ಯಾವ ದನಿಯಲ್ಲಿ ಹೇಳಿದರು ಎಂಬುದು ಮಾತ್ರ ನಮಗೆ ದಕ್ಕಲಿಲ್ಲ. ಮಲ್ಲಿಕಾರ್ಜುನ ಮನಸೂರ, ಸಿದ್ಧರಾಮ ಜಂಬಲದಿನ್ನಿಯವರ ಕಂಠದಲ್ಲಿ ನಾವು ಕೇಳುವುದು 20ನೇ ಶತಮಾನದ ಸ್ವರ ಸಂಯೋಜನೆ. ಅದು ದೊಡ್ಡ ಕೊಡುಗೆಯೇ. ಆದರೂ ಕಳೆದದ್ದು ಕಳೆದೇ ಹೋಯಿತು.

ಮಾಣಿಕನಗರದ ಹಾಡಿಗೆ ಆ ಗತಿ ಬರಬೇಕಿಲ್ಲ. ಅಲ್ಲಿನ ಭಜನೆ ಈಗ ಯೂಟ್ಯೂಬಿನಲ್ಲೂ ಸಿಗುತ್ತದೆ. ಆದರೆ ಹಿಂದಿನ ತಲೆಮಾರಿನ ಭಕ್ತರು ಹಾಡಿದ ಬಗೆ ತಿಳಿಯಬೇಕೆಂದರೆ ಮನೆಮನೆಯ ಹಳೇ ಕ್ಯಾಸೆಟ್‌ಗಳನ್ನು ಕೇಳಬೇಕು. ಸ್ಟುಡಿಯೋದ ನಯ ಅವುಗಳಲ್ಲಿ ಇರುವುದಿಲ್ಲ. ಪೇಟಿಯ ಸದ್ದು ಮುಂದಾಗಿ ಹಾಡು ಹಿಂದಾಗಿರುತ್ತದೆ. ನಡುವೆ ಯಾರೋ ಕೆಮ್ಮುತ್ತಾರೆ, ಹಿರಿಯರೊಬ್ಬರು ‘ಇನ್ನೊಮ್ಮೆ ಹೇಳ್ರಿ’ ಅನ್ನುತ್ತಾರೆ. ಆ ‘ಇನ್ನೊಮ್ಮೆ’ಯಲ್ಲೇ ಧಾಟಿ ಸ್ಪಷ್ಟವಾಗುವುದುಂಟು.

ಬೀದರ್, ಕಲಬುರ್ಗಿ, ಸೊಲ್ಲಾಪುರ ಕಡೆಯ ಓದುಗರಲ್ಲಿ ಒಂದು ವಿನಂತಿ. ಟ್ರಂಕಿನಲ್ಲಿ ಅಂಥ ಕ್ಯಾಸೆಟ್ ಇದ್ದರೆ ಎಸೆಯಬೇಡಿ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಹಾಕಿ ಕೇಳಲು ಹೋಗದೆ ಬಲ್ಲವರ ಕೈಗೆ ಕೊಡಿ. ಚೆನ್ನಾಗಿದ್ದರೆ ಕಂಪ್ಯೂಟರಿಗೆ ಇಳಿಸಿಕೊಂಡು, ಯಾರು, ಎಲ್ಲಿ, ಯಾವ ವರ್ಷ ಹಾಡಿದ್ದು ಎಂದು ಬರೆದಿಡಿ. ಗುರುತು ಹೇಳಬಲ್ಲ ಅಜ್ಜ ಅಜ್ಜಿ ಮನೆಯಲ್ಲಿರುವಾಗಲೇ ಈ ಕೆಲಸ ಮಾಡಿ ಮುಗಿಸಿ.