ಬೇಲಿಗೂ ಒಂದು ಬೆಳೆ: ಕವಳಿ



ಕಲಬುರಗಿ ಎಂದರೆ ತೊಗರಿ, ಕಮಲಾಪುರ ಎಂದರೆ ಕೆಂಪು ಬಾಳೆ. ಇವೆರಡಕ್ಕೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ಆದರೆ ಯಾರ ಲೆಕ್ಕಕ್ಕೂ ಬಾರದ ಇನ್ನೊಂದು ಬೆಳೆಯನ್ನು ಅಲ್ಲಿಯ ಬದುವಿಗೂ ನಮ್ಮ ತೋಟದ ಗಡಿಗೂ ಸಮನಾಗಿ ಹೊಂದಿಸಬಹುದು. ಉತ್ತರ ಕರ್ನಾಟಕದವರು ಅದನ್ನು ಕವಳಿ ಎನ್ನುತ್ತಾರೆ; ಮಲೆನಾಡಿನಲ್ಲಿ ಅದು ಕವಳೆ, ದಕ್ಷಿಣ ಕನ್ನಡದಲ್ಲಿ ಕರಂಡೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಕ್ಯಾರಿಸ್ಸಾ ಕರಂಡಾಸ್.

ಪೇಟೆಯ ಬ್ಲ್ಯಾಕ್‌ಬೆರಿಯ ಕುಲಕ್ಕೆ ಸೇರಿದ ಮುಳ್ಳುಗಿಡಗಳು ನಮ್ಮ ಘಟ್ಟದ ಎತ್ತರದ ತಂಪು ಜಾಗಗಳಲ್ಲಿ ಕಾಡುಗಿಡಗಳಾಗಿಯೇ ಇವೆ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಕಲಬುರಗಿಯ ಬಿಸಿಲು ಅವಕ್ಕೆ ಒಗ್ಗದು. ಕವಳಿಯಾದರೋ ಕಲ್ಲುನೆಲ, ಬರಗಾಲ ಎರಡನ್ನೂ ತಾಳಿಕೊಳ್ಳುತ್ತದೆ. ಮಾಗಿದಾಗ ಕಪ್ಪಾಗುವ ನಾಡಹಣ್ಣು ಬೇಕೆನ್ನುವವರಿಗೆ ಎರಡು ಸೀಮೆಗೂ ಸಲ್ಲುವ ಗಿಡ ಇದೇ.

ಬೇಲಿ ಯಾರದು?

ಇಂದು ಬಯಲುಸೀಮೆಯ ಬದುಗಳನ್ನು ಬಳ್ಳಾರಿ ಜಾಲಿ, ಮಲೆನಾಡಿನ ಗಡಿಗಳನ್ನು ಲಂಟಾನ ಆಕ್ರಮಿಸಿವೆ. ಎರಡೂ ಹೊರದೇಶದಿಂದ ಬಂದವು. ಲಂಟಾನ ತಿಂದ ದನಕ್ಕೆ ವಿಷವೇರುತ್ತದೆ. ಇವನ್ನು ಕಿತ್ತು ತಂತಿ ಎಳೆದರೆ ಗಡಿಯೇನೋ ಭದ್ರ; ಆದರೆ ತಂತಿಯಲ್ಲಿ ಹೂವಿಲ್ಲ, ಹಣ್ಣಿಲ್ಲ, ಗೂಡಿಗೆ ಎಡೆಯಿಲ್ಲ. ಜೆಸಿಬಿಯಿಂದ ಬದು ಸವರುವಾಗ ಇದ್ದ ಕವಳಿಯೂ ಲಂಟಾನದ ಜೊತೆಗೇ ಹೋಗುತ್ತದೆ. ಆದ್ದರಿಂದ ಯಂತ್ರ ಕರೆಸುವ ಮೊದಲು ಗಡಿಯನ್ನು ಒಮ್ಮೆ ನಡೆದು ನೋಡಿ, ಕವಳಿಗೆ ಗುರುತು ಕಟ್ಟುವುದು ಅಗತ್ಯ.

ಕವಳಿಯ ಗಟ್ಟಿ ಜೋಡುಮುಳ್ಳು ದನಕರುಗಳನ್ನು ತಡೆಯುತ್ತದೆ. ಪರಿಮಳದ ಬಿಳಿ ಹೂವಿಗೆ ಜೇನು ಬರುತ್ತದೆ. ಹಣ್ಣನ್ನು ಪಿಕಳಾರ ಹಕ್ಕಿಗಳು ತಿಂದು ಬೀಜ ಹರಡುತ್ತವೆ. ಕಾಡಂಚಿನಲ್ಲಿ ನರಿ, ಕರಡಿಗಳಿಗೂ ಅದು ಆಹಾರ. ಕರಡಿ ಓಡಾಡುವ ಕಡೆ ಮನೆಯ ಹತ್ತಿರ ಇದನ್ನು ನೆಡದಿರುವುದು ಕ್ಷೇಮ.

ನೆಡುವ ಕ್ರಮ

ಬೀಜ ಬೇಗನೆ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಪೂರ್ಣ ಮಾಗಿದ ಹಣ್ಣಿನಿಂದ ಬೀಜ ತೆಗೆದು, ತೊಳೆದು, ನೆರಳಲ್ಲಿ ನೀರಾರಿಸಿ ಕೂಡಲೇ ಪಾತಿಗೆ ಹಾಕಬೇಕು. ಕಾಡಿನ ಗಿಡವನ್ನು ಕೀಳುವುದು ಬೇಡ, ಹಣ್ಣನ್ನಷ್ಟೇ ತನ್ನಿ. ಮುಂದಿನ ಮುಂಗಾರಿನಲ್ಲಿ ಸಸಿಗಳನ್ನು ಎರಡರಿಂದ ಮೂರು ಅಡಿಗೊಂದರಂತೆ ಸಾಲಾಗಿ ನೆಟ್ಟರೆ ಬೇಲಿ ಒತ್ತಾಗುತ್ತದೆ. ಕಮಲಾಪುರದಂತಹ ಕಡೆ ಮೊದಲ ಎರಡು ಬೇಸಿಗೆ ನೀರು ಕೊಡಬೇಕು. ಮಲೆನಾಡಿನಲ್ಲಿ ನೀರು ನಿಲ್ಲದ, ಬಿಸಿಲು ಬೀಳುವ ಗಡಿಯೇ ಸೂಕ್ತ. ಕಾಫಿಯ ದಟ್ಟ ನೆರಳಿನಲ್ಲಿ ಫಸಲು ನಿರೀಕ್ಷಿಸಬಾರದು. ಸಾಮಾನ್ಯವಾಗಿ ಮೂರನೇ ವರ್ಷದಿಂದ ಕಾಯಿ ಕಾಣುತ್ತದೆ.

ಕಲಬುರಗಿ ನಗರದ ಚಿಕ್ಕ ನಿವೇಶನದಲ್ಲೂ ಕಾಂಪೌಂಡಿನ ಮೂಲೆಗೆ ಒಂದು ಗಿಡ ಸಾಕು. ಮಕ್ಕಳು ಓಡಾಡುವ ದಾರಿಯಿಂದ ದೂರವಿರಲಿ. ಕವಳಿ ಕಣಗಿಲೆಯ ಕುಟುಂಬದ್ದು, ಮುರಿದರೆ ಬಿಳಿ ಹಾಲು ಬರುತ್ತದೆ. ಕಣಗಿಲೆ ಪೂರ್ತಿ ವಿಷವಾದ್ದರಿಂದ, ಗಿಡದ ಗುರುತು ಖಚಿತವಾಗದೆ ಯಾವ ಕಾಯಿಯನ್ನೂ ಬಾಯಿಗಿಡಬಾರದು.

ಉಪಯೋಗ

ಎಳೆಯ ಕಾಯಿಯ ಉಪ್ಪಿನಕಾಯಿಯನ್ನು ನಮ್ಮ ಅಡಿಕೆ ಸೀಮೆಯ ಮನೆಗಳಿಗೆ ಹೇಳಿಕೊಡಬೇಕಿಲ್ಲ. ಪೆಕ್ಟಿನ್ ಹೇರಳವಾಗಿರುವುದರಿಂದ ಜೆಲ್ಲಿ ಚೆನ್ನಾಗಿ ಗಟ್ಟಿಯಾಗುತ್ತದೆ. ಬೇಕರಿಯಲ್ಲಿ ಚೆರ್ರಿ ಎಂದು ಕೊಡುವ ಕೆಂಪು ಹಣ್ಣು ಎಷ್ಟೋ ಕಡೆ ಸಕ್ಕರೆ ಪಾಕದಲ್ಲಿ ಬಣ್ಣ ಹಾಕಿದ ಕವಳಿಯೇ.

ಇದರಿಂದ ಕಾಫಿ, ಅಡಿಕೆಯಷ್ಟು ಆದಾಯ ಬರುತ್ತದೆಂದು ನಾವು ಹೇಳುವುದಿಲ್ಲ. ಆದರೆ ಬೇಲಿಗೆ ಹೇಗೂ ಖರ್ಚು ಮಾಡಲೇಬೇಕು. ತಂತಿ ತುಕ್ಕು ಹಿಡಿಯುತ್ತಾ ಹೋದರೆ ಕವಳಿ ವರ್ಷದಿಂದ ವರ್ಷಕ್ಕೆ ದಟ್ಟವಾಗುತ್ತದೆ. ಈ ಮಳೆಗಾಲದಲ್ಲಿ ಪ್ರತಿಯೊಬ್ಬರೂ ಗಡಿಯ ಒಂದು ಬದಿಯನ್ನಾದರೂ ಇದಕ್ಕೆ ಬಿಟ್ಟುಕೊಟ್ಟು, ಕೊಯ್ಲಿನಲ್ಲಿ ಮೇಲಿನ ಕೊಂಬೆಗಳ ಹಣ್ಣನ್ನು ಹಕ್ಕಿಗಳಿಗೆ ಉಳಿಸಬೇಕೆಂದು ಕೋರುತ್ತೇವೆ.