ಹಿಂದಿನ ಸೀಟಿನಿಂದ ಎರಡು ಬೈಕು ನೋಡಿದಾಗ

"ಬೈಕಿನ ವಿಷಯ ನಿನಗೇನು ಗೊತ್ತಾಗುತ್ತೆ, ಸುಮ್ನಿರಮ್ಮ!" ನಿಮ್ಮ ಮನೆಯಲ್ಲೂ ಈ ಮಾತು ಕೇಳಿಬಂದಿರಬಹುದು. ನನ್ನ ಮಗ ಹೀಗೆಂದಾಗ ನಾನು ಕೇಳಿದ್ದು ಒಂದೇ: "ಹಿಂದೆ ಕೂರುವವಳು ನಾನು ತಾನೇ?"

ಅವನಿಗೆ ಬೇಕಾಗಿದ್ದದ್ದು ಡಾಂಬರು ರಸ್ತೆಗೂ ತೋಟದ ಕೆಸರು ದಾರಿಗೂ ಒಗ್ಗುವ ಬೈಕು. ಹಳೆಯ ಗಾಡಿಗಳಲ್ಲಿ ಎರಡು ಸಿಕ್ಕಿದ್ದವು. ಒಂದು, 2011ರಲ್ಲಿ ಮಾರುಕಟ್ಟೆಗೆ ಬಂದು, ಕೆಲವು ವರ್ಷಗಳ ನಂತರ ನಿಂತುಹೋದ ಹೀರೋ ಇಂಪಲ್ಸ್. ಇನ್ನೊಂದು, 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200. ಎರಡನ್ನೂ ನೋಡಲು ನಾನೂ ಹೊರಟೆ.

ಮೊದಲು ಚಕ್ರ ನೋಡಿ. ಎರಡಕ್ಕೂ ಕಡ್ಡಿ ಚಕ್ರಗಳೇ. ಗುಂಡಿಗೆ ಬಿದ್ದಾಗ ಕಡ್ಡಿಗಳು ಸ್ವಲ್ಪ ಬಳುಕಿ ಪೆಟ್ಟು ತಡೆದುಕೊಳ್ಳುತ್ತವೆ. ಆದರೆ ಒಳಗೆ ಟ್ಯೂಬು ಇರುವುದರಿಂದ ಪಂಕ್ಚರ್ ಆದರೆ ಟೈರು ಬಿಚ್ಚಲೇಬೇಕು. ಇಂಪಲ್ಸ್‌ನ ಮುಂದಿನ ಚಕ್ರ 19 ಇಂಚು, ಎಕ್ಸ್‌ಪಲ್ಸ್‌ನದು 21. ಚಕ್ರ ದೊಡ್ಡದಾದಷ್ಟೂ ಕಲ್ಲು, ಗುಂಡಿಗಳನ್ನು ಸಲೀಸಾಗಿ ದಾಟುತ್ತದೆ. ಹಿಂದೆ ಕೂತವರ ಸೊಂಟಕ್ಕೆ ಇದರ ಬೆಲೆ ಗೊತ್ತು!

ಎಂಜಿನ್ ಇಂಪಲ್ಸ್‌ನದು 150 ಸಿಸಿ, ಎಕ್ಸ್‌ಪಲ್ಸ್‌ನದು 200 ಸಿಸಿ. ಇಬ್ಬರು ಕೂತು ಏರು ಹತ್ತುವಾಗ ಎರಡನೆಯದು ಏದುಸಿರು ಬಿಡುವುದು ಕಡಿಮೆ. ಆದರೆ ಇಂಪಲ್ಸ್ 134 ಕಿಲೋ ತೂಗಿದರೆ ಎಕ್ಸ್‌ಪಲ್ಸ್ 154. ಕೆಸರಲ್ಲಿ ಗಾಡಿ ಮಗುಚಿದರೆ ಎತ್ತಬೇಕಾದವರಿಗೆ ಈ ಇಪ್ಪತ್ತು ಕಿಲೋ ಸಣ್ಣದೇನಲ್ಲ.

ಬ್ರೇಕಿನಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಇಂಪಲ್ಸ್‌ಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಎಕ್ಸ್‌ಪಲ್ಸ್‌ಗೆ ಎರಡೂ ಡಿಸ್ಕ್, ಜೊತೆಗೆ ಮುಂದಿನ ಚಕ್ರಕ್ಕೆ ಎಬಿಎಸ್. ನಾಯಿ ಅಡ್ಡ ಬಂತೆಂದು ಗಾಬರಿಯಲ್ಲಿ ಬ್ರೇಕ್ ಒತ್ತಿದರೂ ಚಕ್ರ ಪೂರ್ತಿ ಕಚ್ಚಿಕೊಂಡು ಜಾರದ ಹಾಗೆ ಇದು ನೋಡಿಕೊಳ್ಳುತ್ತದೆ.

ಇನ್ನು ನಮ್ಮ ಜಾಗಕ್ಕೆ ಬನ್ನಿ. ನೆಲದ ಕಲ್ಲು ತಗಲಬಾರದೆಂದು ಇಂಥ ಗಾಡಿಗಳನ್ನು ಎತ್ತರಿಸಿಯೇ ಕಟ್ಟುತ್ತಾರೆ. ಎಕ್ಸ್‌ಪಲ್ಸ್‌ನ ಸೀಟು ನೆಲದಿಂದ 82 ಸೆಂಟಿಮೀಟರ್, ಅಂದರೆ ನಮ್ಮ ಅಡುಗೆಮನೆ ಕಟ್ಟೆಗಿಂತ ಕೊಂಚ ತಗ್ಗು, ಅಷ್ಟೆ. ಸೀರೆ ಉಟ್ಟು ಅದರ ಮೇಲೆ ಒಮ್ಮೆ ಹತ್ತಿ ಇಳಿದು ನೋಡದೆ ಯಾರೂ ಒಪ್ಪಿಗೆ ಕೊಡಬೇಡಿ.

ಎಕ್ಸ್‌ಪಲ್ಸ್‌ಗೆ ಹತ್ತಿ ಕೂತೆ. ಹಿಂದಿನ ಕ್ಯಾರಿಯರ್ ಹಿಡಿಯಲು ಚೆನ್ನಾಗಿತ್ತು. ಹೊಗೆ ಕೊಳವೆ ಬಲಕ್ಕಿದೆ, ನಾವು ಕಾಲು ಇಳಿಬಿಡುವುದು ಎಡಕ್ಕೆ. ಅದೂ ಸರಿಯೇ. ಕಾಲ ಕೆಳಗೆ ನೋಡುತ್ತೇನೆ, ಚೈನೂ ಚಕ್ರದ ಕಡ್ಡಿಗಳೂ ಬಾಯ್ತೆರೆದು ಕೂತಿವೆ! ಸೀರೆ ಗಾರ್ಡ್ ಎಲ್ಲಿ ಎಂದರೆ, "ಲುಕ್ ಹಾಳಾಗುತ್ತೆ ಅಂತ ಬಿಚ್ಚಿದೀವಿ ಆಂಟಿ" ಅಂದ ಮಾರುವ ಹುಡುಗ.

ನನಗೆ ಚಿಕ್ಕಮ್ಮನ ನೆನಪಾಯಿತು. ಬೇರೆ ಯಾವುದೋ ಬೈಕಿನಲ್ಲಿ ಹೀಗೇ ಸೆರಗು ಸಿಕ್ಕಿ ಬಿದ್ದರು. ಮೊಣಕೈ ಮುರಿದು ಮೂರು ತಿಂಗಳು ಒಂದು ರೊಟ್ಟಿ ತಟ್ಟಲಾಗಲಿಲ್ಲ.

ಈ ಗಾರ್ಡ್ ಅಲಂಕಾರಕ್ಕೆ ಇಟ್ಟದ್ದಲ್ಲ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಸಿಕ್ಕದಂತೆ ಹಿಂಚಕ್ರದ ಅರ್ಧವಾದರೂ ಮುಚ್ಚುವ ರಕ್ಷಣೆ, ಈ ಮೂರೂ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ.

ಇಂಪಲ್ಸ್ ಅಗ್ಗವಾಗಿಯೇ ಇತ್ತು. ಆದರೆ 2011ರಲ್ಲಿ ನೋಂದಣಿಯಾದ ಗಾಡಿಗೆ 2026ಕ್ಕೆ ಹದಿನೈದು ವರ್ಷ ತುಂಬುತ್ತದೆ, ಆರ್‌ಸಿ ನವೀಕರಿಸಬೇಕು. ತಯಾರಿಕೆ ನಿಂತ ಗಾಡಿಯ ಬಿಡಿಭಾಗ ಹುಡುಕುವ ತಲೆನೋವು ಬೇರೆ. ಕೊನೆಗೆ ಎಕ್ಸ್‌ಪಲ್ಸನ್ನೇ ಕೊಂಡೆವು, ಬಿಚ್ಚಿಟ್ಟಿದ್ದ ಗಾರ್ಡ್ ಹಾಕಿಸಿಕೊಂಡು!

ಗಂಡಸರು ಸಿಸಿ, ಮೈಲೇಜು ಕೇಳಲಿ, ಬೇಡವೆನ್ನುವುದಿಲ್ಲ. ನೀವು ಮಾತ್ರ ಹಿಂದಿನ ಸೀಟು ಹತ್ತಿ ಕೂತು, ಕಾಲ ಕೆಳಗೆ ಒಮ್ಮೆ ಬಗ್ಗಿ ನೋಡಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಹೆಲ್ಮೆಟ್ ಹಾಕಿದ ಮೇಲೇ "ಹೊರಡು" ಅನ್ನಿ. ಏನಂತೀರಿ?