ಕರೆಂಟ್‌ಗೆ ತೂಬು ಎಲ್ಲಿದೆ?

‘ಕರೆಂಟ್ ತಯಾರಾಗೋದು ನಮ್ಮ ಜಿಲ್ಲಾದಾಗ, ಕತ್ತಲಿ ಮಾತ್ರ ನಮಗಾ?’ ಬೇಸಿಗೆ ಬಂತೆಂದರೆ ತುರ್ವಿಹಾಳದ ಹೋಟೆಲ್ ಕಟ್ಟೆಗಳಲ್ಲಿ ಇದೇ ಮಾತು. ಶಕ್ತಿನಗರದ ಆರ್‌ಟಿಪಿಎಸ್ ಸಾಮರ್ಥ್ಯ 1720 ಮೆಗಾವಾಟ್, ಯರಮರಸ್ ಸ್ಥಾವರದ್ದು 1600. ಪ್ರಶ್ನೆ ನ್ಯಾಯವಾದದ್ದೇ. ಎಲೆಕ್ಟ್ರಿಕಲ್ ಓದುವವನೆಂದು ಹಿರಿಯರು ನನ್ನನ್ನೇ ಕೇಳುವುದರಿಂದ ಉತ್ತರ ಹುಡುಕಲೇಬೇಕಾಯಿತು.

ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಜನ. ತೂಬು ಎತ್ತಿದರೆ ನೀರು, ಇಳಿಸಿದರೆ ಇಲ್ಲ. ಆದರೆ ದೊಡ್ಡ ಎಸಿ ಲೈನುಗಳಿಗೆ ಇಂಥ ತೂಬಿಲ್ಲ. ಎಲ್ಲವೂ ಬಲೆಯಂತೆ ಹೆಣೆದುಕೊಂಡಿರುವುದರಿಂದ ವಿದ್ಯುತ್ ಇರುವ ದಾರಿಗಳಲ್ಲೆಲ್ಲ ಹಂಚಿ ಹರಿಯುತ್ತದೆ. ಅಡ್ಡಿ ಕಡಿಮೆ ಇದ್ದಲ್ಲಿ ಹೆಚ್ಚು. ಲೈನಿನ ಎರಡು ತುದಿಗಳ ವೋಲ್ಟೇಜ್ ಅಲೆಗಳ ನಡುವಿನ ಕೋನವೇ ಇಲ್ಲಿ ಇಳಿಜಾರು. ಒಂದು ಕಡೆ ಉತ್ಪಾದನೆ ಏರಿಸಿ ಇನ್ನೊಂದು ಕಡೆ ಇಳಿಸಿದರೆ ಈ ಇಳಿಜಾರು ಬದಲಾಗುತ್ತದೆ. ಉದ್ದದ ಲೈನಿಗೆ ಸರಣಿಯಲ್ಲಿ ಕೆಪಾಸಿಟರ್ ಸೇರಿಸಿದರೆ ಅಡ್ಡಿ ತಗ್ಗಿ ಹರಿವು ಹೆಚ್ಚುತ್ತದೆ. ಒಂದು ಲೈನ್ ಕಡಿದರಂತೂ ಅದರ ಹೊರೆ ಆ ಕ್ಷಣವೇ ಉಳಿದವುಗಳ ಮೇಲೆ ಬೀಳುತ್ತದೆ.

2012ರ ಜುಲೈ 30 ಮತ್ತು 31ರಂದು ಆದದ್ದು ಅದೇ. ಬಿನಾ–ಗ್ವಾಲಿಯರ್ ಲೈನ್ ಟ್ರಿಪ್ ಆಗಿ, ಒಂದರ ಹಿಂದೊಂದು ಲೈನ್ ಬಿದ್ದು, ಎರಡನೇ ದಿನ ಸುಮಾರು 60 ಕೋಟಿ ಜನರಿರುವ ಪ್ರದೇಶ ಕತ್ತಲಾಯಿತು. ದಕ್ಷಿಣ ಭಾರತ ಉಳಿದುಕೊಂಡಿತು. ಆಗ ನಮ್ಮ ಗ್ರಿಡ್ ಉತ್ತರಕ್ಕೆ ಅಂಟಿಕೊಂಡಿದ್ದದ್ದು ಡಿಸಿ ಕೊಂಡಿಗಳಿಂದ: ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬಂದ ಲೈನ್, ಮಹಾರಾಷ್ಟ್ರದ ಭದ್ರಾವತಿ (ನಮ್ಮ ಕಬ್ಬಿಣದ ಭದ್ರಾವತಿಯಲ್ಲ) ಮತ್ತು ವಿಶಾಖಪಟ್ಟಣದ ಗಾಜುವಾಕ. ಎಸಿಯನ್ನು ಡಿಸಿ ಮಾಡಿ, ಮತ್ತೆ ಎಸಿ ಮಾಡುವ ಈ ಕೇಂದ್ರಗಳೇ ನಿಜವಾದ ತೂಬುಗಳು. ಇಷ್ಟು ಮೆಗಾವಾಟ್ ಎಂದರೆ ಅಷ್ಟೇ ಬಿಡುತ್ತವೆ.

2013ರ ಡಿಸೆಂಬರ್ 31ರಂದು 765 ಕೆವಿ ರಾಯಚೂರು–ಸೊಲ್ಲಾಪುರ ಲೈನ್ ಚಾಲೂ ಆಯಿತು. ದೇಶಕ್ಕೆಲ್ಲ ಒಂದೇ ಗ್ರಿಡ್, ಒಂದೇ ಫ್ರೀಕ್ವೆನ್ಸಿ. ಆ ಗಂಟು ಬಿದ್ದದ್ದು ನಮ್ಮ ಜಿಲ್ಲೆಯಲ್ಲಿ ಎಂಬುದು ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತೋ! ಅಂದಮೇಲೆ ಶಕ್ತಿನಗರದ ಕರೆಂಟನ್ನು ಜಿಲ್ಲೆಯ ಲೆಕ್ಕದಲ್ಲಿ ಹಿಡಿದಿಡಲಾಗದು.

ಹಾಗಾದರೆ ನಮ್ಮ ಕತ್ತಲೆ ಎಲ್ಲಿಂದ ಬರುತ್ತದೆ? ಹೆಚ್ಚಿನ ಸಲ ಕೊನೆಯ 11 ಕೆವಿ ಫೀಡರಿನಿಂದ. ಹಳ್ಳಿಗಳ ಫೀಡರು ಬಲೆಯಲ್ಲ. ಉಪಕಾಲುವೆಯ ಹಾಗೆ ಒಂದೇ ದಾರಿ, ತಲೆಯಲ್ಲಿ ಒಂದು ಬ್ರೇಕರ್. ಅದನ್ನು ಎಷ್ಟು ಹೊತ್ತಿಗೆ ಹಾಕಬೇಕು, ತೆಗೆಯಬೇಕು ಎಂಬುದು ಭೌತಶಾಸ್ತ್ರದ ನಿಯಮವಲ್ಲ, ಮನುಷ್ಯರ ತೀರ್ಮಾನ. ಕಾಲುವೆಯ ಕೊನೆಭಾಗದ ರೈತರಿಗೆ ನೀರು ಮುಟ್ಟದ ಹಾಗೆ ಫೀಡರಿನ ತುದಿಯಲ್ಲಿ ವೋಲ್ಟೇಜ್ ಇಳಿದು ಮೋಟಾರ್ ಸುಡುತ್ತದೆ. ರಾತ್ರಿ ತ್ರೀಫೇಸ್ ಕೊಟ್ಟರೆ ಬ್ಯಾಟರಿ ಹಿಡಿದು, ಹಾವು ಚೇಳಿಗೆ ಅಂಜುತ್ತ ಗದ್ದೆಗೆ ಹೋಗಬೇಕಾದವರು ನಮ್ಮಪ್ಪನಂಥವರು.

ಆದ್ದರಿಂದ ಕೇಳಬೇಕಾದ್ದು ಶಕ್ತಿನಗರವನ್ನಲ್ಲ. ನಮ್ಮ ಫೀಡರಿನ ಮೇಲೆ ಎಷ್ಟು ಪಂಪ್‌ಸೆಟ್ ಇವೆ, ಟಿಸಿ ಎಷ್ಟು ಕೆವಿಎ, ಹಗಲು ತ್ರೀಫೇಸ್ ಎಷ್ಟು ತಾಸು? ಈ ಮೂರನ್ನೂ ಸಬ್‌ಸ್ಟೇಷನ್‌ನ ಗೋಡೆಯ ಮೇಲೆ ಬರೆದು ಹಾಕಲಿ ಎಂದು ಊರಿನ ಹುಡುಗರು ಸೇರಿ ಅರ್ಜಿ ಬರೆಯುತ್ತಿದ್ದೇವೆ.